ಮಾಸಿದ ಬಟ್ಟೆಯ ಬುಟ್ಟಿಗೂ ಗಾಳಿ ಬೇಕು

ಹೊಸ ಮನೆಯ ಒಳಾಂಗಣದ ಕೆಲಸ ಮುಗಿಯುತ್ತ ಬಂದು, ಅಡುಗೆಮನೆಯ ಕಲ್ಲಿನಿಂದ ಹಿಡಿದು ದೇವರಮನೆಯ ಬಾಗಿಲಿನವರೆಗೆ ಎಲ್ಲವೂ ತೀರ್ಮಾನವಾದ ಮೇಲೆ, ನನ್ನ ಗ್ರಾಹಕರಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೆಗೆದು ತೋರಿಸುತ್ತಾರೆ. ಬೆಳ್ಳಗಿನ ಸ್ನಾನಗೃಹ, ನೆಲಕ್ಕೆ ಮೆತ್ತನೆಯ ಹಾಸು, ಮೂಲೆಯಲ್ಲಿ ಬಿಗಿಯಾದ ಮುಚ್ಚಳವಿರುವ ಒಂದು ಸುಂದರವಾದ ಬುಟ್ಟಿ. ‘ಒಗೆಯುವ ಬಟ್ಟೆಗೆ ಇಂಥದ್ದೇ ಬೇಕು ಮೇಡಂ. ಒಳಗಿರುವುದು ಕಾಣಬಾರದು, ವಾಸನೆಯೂ ಹೊರಗೆ ಬರಬಾರದು’ ಎನ್ನುವುದು ಅವರ ಬೇಡಿಕೆ. ಕಾಣಬಾರದು ಎಂಬುದಕ್ಕೆ ನನ್ನ ತಕರಾರಿಲ್ಲ. ಮನೆಗೆ ಬಂದವರು ನಮ್ಮ ಮಾಸಿದ ಬಟ್ಟೆಯನ್ನು ನೋಡಲೇಬೇಕೆಂದೇನೂ ಇಲ್ಲ. ವಾಸನೆ ಹೊರಗೆ ಬಾರದಿರಲೆಂದು ಬುಟ್ಟಿಯನ್ನು ಬಿಗಿಯಾಗಿ ಮುಚ್ಚಿಬಿಡುವ ಯೋಚನೆಯೊಂದರ ಮೇಲೆ ಮಾತ್ರ ನನಗೂ ಅವರಿಗೂ ಪ್ರತಿ ಮನೆಯಲ್ಲಿಯೂ ಜಗಳ ನಡೆಯುತ್ತದೆ.

ಆಗತಾನೆ ಸುರಿದ ಬೆವರಿಗೆ ವಾಸನೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಮೈಯಿಂದ ಬಟ್ಟೆಗೆ ಇಳಿದ ಬ್ಯಾಕ್ಟೀರಿಯಾಗಳು ಆ ಬೆವರನ್ನೂ ಮೈಯ ಜಿಡ್ಡನ್ನೂ ಒಡೆದು ಬಳಸಿಕೊಳ್ಳುವಾಗ ಹೊರಬೀಳುವ ವಸ್ತುಗಳೇ ನಮ್ಮ ಮೂಗಿಗೆ ಕಮಟಾಗಿ ಬಡಿಯುತ್ತವೆ. ಅವುಗಳ ಕೆಲಸಕ್ಕೆ ತೇವ ಬೇಕು, ಬೆಚ್ಚಗಿನ ಹವೆ ಬೇಕು, ಒಂದಿಷ್ಟು ಸಮಯ ಬೇಕು. ಗಾಳಿಯಾಡದ ಬುಟ್ಟಿ ಈ ಮೂರನ್ನೂ ಧಾರಾಳವಾಗಿ ಒದಗಿಸುತ್ತದೆ. ಅದೇ ಬಟ್ಟೆಯನ್ನು ಗಾಳಿಯಲ್ಲಿ ಒಣಗಲು ಬಿಟ್ಟು ಆಮೇಲೆ ಬುಟ್ಟಿಗೆ ಹಾಕಿದರೆ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲವಾದರೂ ಅವುಗಳ ಚಟುವಟಿಕೆ ಬಹಳಷ್ಟು ಕುಗ್ಗುತ್ತದೆ. ಬೂಷ್ಟಿನ ಕಥೆಯೂ ಹೀಗೆಯೇ. ಗಾಳಿಯ ತೇವಾಂಶ ಶೇ 70–80ರ ಗಡಿಯನ್ನು ದಾಟಿದ ಕಡೆ ಅದು ಸಲೀಸಾಗಿ ಬೆಳೆಯುತ್ತದೆ, ಮತ್ತು ಹತ್ತಿಯ ನಾರಾಗಿರುವ ಸೆಲ್ಯುಲೋಸ್ ಅದಕ್ಕೆ ಆಹಾರವೇ ಆಗಿದೆ. ಸೀರೆಗೆ ಗಂಜಿ ಹಾಕುವ ಮನೆಯಾದರೆ ಅದಕ್ಕೆ ಇನ್ನೂ ಅನುಕೂಲ. ಒಮ್ಮೆ ಬಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಮೂಡಿದುವೆಂದರೆ ಆ ಬಣ್ಣ ನಾರಿನೊಳಗೆ ಇಳಿದಿರುತ್ತದೆ. ಬಿಳಿಯ ಹತ್ತಿ ಬಟ್ಟೆಯಾದರೆ ಬ್ಲೀಚಿನಿಂದ ಕೆಲವೊಮ್ಮೆ ಪ್ರಯೋಜನವಾದೀತು, ಬಣ್ಣದ ಬಟ್ಟೆಯಾದರೆ ಸಾಮಾನ್ಯವಾಗಿ ಆಸೆ ಬಿಡಬೇಕಾಗುತ್ತದೆ.

ಇಷ್ಟನ್ನು ಕೇಳಿದ ಮೇಲೂ ‘ನಮ್ಮ ಬಟ್ಟೆ ಒದ್ದೆ ಇರುವುದಿಲ್ಲವಲ್ಲ’ ಎನ್ನುವವರಿದ್ದಾರೆ. ಕೈಗೆ ಒದ್ದೆಯೆನಿಸದ ಹತ್ತಿ ಬಟ್ಟೆಯೂ ಗಾಳಿಯಿಂದ ತೇವವನ್ನು ಹೀರಿಕೊಂಡೇ ಇರುತ್ತದೆ. ಸಾಧಾರಣ ಹವೆಯಲ್ಲಿ ಅದರ ತೂಕದ ಶೇ 7–8ರಷ್ಟು ನೀರೇ. ಇನ್ನು ಸ್ನಾನದ ಟವೆಲು: 70 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದದ ದಪ್ಪನೆಯದೊಂದು ಒಣಗಿದಾಗಲೇ ಅರ್ಧ ಕಿಲೋದ ಹತ್ತಿರ ತೂಗುತ್ತದೆ. ಮೈ ಒರೆಸಿಕೊಂಡ ಮೇಲೆ ಅದರಲ್ಲಿ ಉಳಿದ ನೀರು ಹೋಗಲು ದಾರಿ ಬೇಕು. ಬುಟ್ಟಿಯ ಮುಚ್ಚಳ ಮುಚ್ಚಿದರೆ ಆ ನೀರು ಕೆಳಗಿನ ಅಂಗಿಗೆ, ಅಂಗಿಯಿಂದ ಕಾಲುಚೀಲಕ್ಕೆ, ಅಲ್ಲಿಂದ ತಳಕ್ಕೆ ಇಳಿಯುತ್ತದೆ. ಒಂದೇ ಒಂದು ಒದ್ದೆ ಟವೆಲು ಇಡೀ ಬುಟ್ಟಿಯನ್ನು ಕೆಡಿಸಬಲ್ಲದು. ಪಾಲಿಯೆಸ್ಟರ್ ಆಟದ ಉಡುಪು ನೀರನ್ನು ಅಷ್ಟಾಗಿ ಹೀರದಿದ್ದರೂ ಮೈಯ ಜಿಡ್ಡನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ವಾಸನೆಯಲ್ಲಿ ಹತ್ತಿಗಿಂತ ಒಂದು ಕೈ ಮೇಲೆಯೇ. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಈರುಳ್ಳಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಮುಚ್ಚಳ ಬಿಗಿಯಬಾರದೆಂಬುದು ಅಡುಗೆಮನೆಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಗೊತ್ತಿದೆ. ಅದೇ ತಿಳಿವಳಿಕೆ ಸ್ನಾನದ ಮನೆಯ ಬಾಗಿಲಿನಲ್ಲಿ ಯಾಕೆ ನಿಂತುಹೋಗುತ್ತದೆಯೋ ನನಗೆ ಅರ್ಥವಾಗಿಲ್ಲ.

ಚಿತ್ರಗಳ ತಪ್ಪೂ ಇದರಲ್ಲಿದೆ. ಅಂತರ್ಜಾಲದಲ್ಲಿ ಕಾಣುವ ಆ ಚೆಂದದ ಸ್ನಾನಗೃಹಗಳು ಬಹುಪಾಲು ಚಳಿ ದೇಶಗಳವು. ಅಲ್ಲಿ ಸ್ನಾನದ ನೀರು ಗಾಜಿನ ಕೋಣೆಯನ್ನೋ ತೊಟ್ಟಿಯನ್ನೋ ದಾಟಿ ಹೊರಗೆ ಬರುವುದಿಲ್ಲ, ಉಳಿದ ನೆಲ ಒಣಗಿರುತ್ತದೆ, ಚಳಿಗಾಲದಲ್ಲಿ ಮನೆಯನ್ನು ಕಾಯಿಸುವುದರಿಂದ ಒಳಗಿನ ಗಾಳಿಯೂ ಒಣಗಿರುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳ ಐದಡಿಗೆ ಎಂಟಡಿಯ ಸ್ನಾನಗೃಹದಲ್ಲಿ ಬಕೆಟ್ಟು, ಚೊಂಬು, ಗೀಸರಿನ ಹಬೆ ಎಲ್ಲವೂ ಸೇರಿ ನೆಲದಿಂದ ಗೋಡೆಯವರೆಗೆ ನೀರಾಗುತ್ತದೆ. ಅಮೆರಿಕದ ಎಡಿಸನ್ನಿನಲ್ಲಿರುವ ಮಗಳ ಮನೆಯಲ್ಲಿ ಮುಚ್ಚಿದ ಬುಟ್ಟಿ ಚೆನ್ನಾಗಿಯೇ ಇತ್ತು ಎಂದು ಒಬ್ಬ ತಾಯಿ ನನ್ನೊಡನೆ ವಾದಿಸಿದರು. ಇದ್ದೀತು, ನಾನು ಇಲ್ಲವೆನ್ನಲಾರೆ. ಆದರೆ ಅವರ ಮನೆ ಇರುವುದು ಮಂಗಳೂರಿನ ಕದ್ರಿಯಲ್ಲಿ. ಜುಲೈ ತಿಂಗಳಿನಲ್ಲಿ ಅಲ್ಲಿ ಹೊರಗಿನ ಗಾಳಿಯ ತೇವಾಂಶವೇ ಬಹುತೇಕ ದಿನ ಶೇ 85ಕ್ಕೆ ಕಡಿಮೆಯಾಗುವುದಿಲ್ಲ.

ನಮ್ಮ ಹಳೆಯ ಮನೆಗಳಲ್ಲಿ ಇಂಥ ಬುಟ್ಟಿಗೆ ಕೆಲಸವೇ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಉಟ್ಟ ಬಟ್ಟೆಯನ್ನು ಸ್ನಾನದ ಹೊತ್ತಿನಲ್ಲೇ ಬಚ್ಚಲಿನಲ್ಲಿ ಹಿಂಡಿ ಹಾಕುತ್ತಿದ್ದರು. ಒಗೆದದ್ದು ಸೂರಿನಿಂದ ಇಳಿಬಿಟ್ಟ ಬಿದಿರಿನ ಗಳದ ಮೇಲೆ ಒಣಗುತ್ತಿತ್ತು, ಇನ್ನೊಮ್ಮೆ ಉಡಬಹುದಾದದ್ದು ಗೂಟಕ್ಕೋ ಹಗ್ಗಕ್ಕೋ ತೂಗುಬೀಳುತ್ತಿತ್ತು, ಹಾಸಿಗೆ-ಹೊದಿಕೆಯಂಥ ಭಾರದ ಬಟ್ಟೆ ಮಡಿವಾಳರ ಗಂಟಿಗೆ ಹೋಗುತ್ತಿತ್ತು. ಮಾಸಿದ ಬಟ್ಟೆಯನ್ನು ಕೂಡಿಡುವ ಪದ್ಧತಿ ನಮ್ಮ ಹೆಚ್ಚಿನ ಮನೆಗಳಿಗೆ ಬಂದದ್ದು ವಾಷಿಂಗ್ ಮಷೀನಿನ ಜೊತೆಗೆ, ಒಂದು ಲೋಡು ತುಂಬುವವರೆಗೆ ಕಾಯಬೇಕಾದಾಗ. ಹಾಗಾಗಿ ಬುಟ್ಟಿಯ ಅಳತೆಯನ್ನು ಕೋಣೆಯ ಮೂಲೆಯನ್ನು ನೋಡಿ ತೀರ್ಮಾನಿಸಬಾರದು, ಮಷೀನನ್ನು ನೋಡಿ ತೀರ್ಮಾನಿಸಬೇಕು. 7 ಕಿಲೋದ ಮಷೀನ್ ಎಂದರೆ ಒಣಗಿದ ಹತ್ತಿ ಬಟ್ಟೆಯ ತೂಕ 7 ಕಿಲೋ ಎಂದರ್ಥ, ಅದೂ ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಗೇಣು ಜಾಗ ಬಿಟ್ಟು. 40 ಸೆಂ.ಮೀ. ವ್ಯಾಸ, 50 ಸೆಂ.ಮೀ. ಎತ್ತರದ ದುಂಡು ಬುಟ್ಟಿ ಸುಮಾರು 63 ಲೀಟರಿನದು. ಅದರಲ್ಲಿ ಬಟ್ಟೆಯನ್ನು ಅದುಮದೆ ಹಾಕಿದರೆ ಹೆಚ್ಚುಕಡಿಮೆ ಒಂದು ಲೋಡು ಹಿಡಿಯುತ್ತದೆ. ನಾಲ್ವರ ಸಂಸಾರಕ್ಕೆ ಇಷ್ಟು ಸಾಲುತ್ತದೆಂಬುದು ನನ್ನ ಅನುಭವ. ‘ದೊಡ್ಡದೇ ಇರಲಿ, ಪದೇಪದೇ ಒಗೆಯುವ ತೊಂದರೆ ತಪ್ಪುತ್ತದೆ’ ಎಂದು 100 ಲೀಟರಿನದನ್ನು ತಂದವರ ಮನೆಯಲ್ಲಿ ತಳದ ಬಟ್ಟೆಗೆ ವಾರಗಟ್ಟಲೆ ಬೆಳಕು ಕಾಣುವ ಯೋಗವಿರುವುದಿಲ್ಲ.

ಈಗಿನ ಇನ್ನೊಂದು ಹುಚ್ಚು, ಬೀರುವಿನೊಳಗೇ ಒಗೆಯುವ ಬಟ್ಟೆಗೆ ಎಳೆದು ತೆರೆಯುವ ಒಂದು ಡ್ರಾಯರನ್ನು ಮಾಡಿಸುವುದು. ಪ್ಲೈವುಡ್ಡಿನ ಪೆಟ್ಟಿಗೆ, ಅದರ ಮುಂದೆ ಬಿಗಿಯಾದ ಬಾಗಿಲು, ಪಕ್ಕದ ಖಾನೆಯಲ್ಲಿ ಮೈಸೂರು ರೇಷ್ಮೆ. ಇದಕ್ಕಿಂತ ಕೆಟ್ಟ ನೆರೆಹೊರೆಯನ್ನು ನಾನು ಊಹಿಸಲಾರೆ. ಬೇಡವೆಂದು ಎಷ್ಟು ಹೇಳಿದರೂ ಕೇಳದೆ ಮಾಡಿಸಿಕೊಂಡ ಒಂದು ದಂಪತಿಗಳ ಮನೆಯಿಂದ ಮಳೆಗಾಲ ಹಿಡಿಯುತ್ತಿದ್ದಂತೆ ನನಗೆ ಕರೆ ಬಂತು. ಯಜಮಾನರು ಎಂಜಿನಿಯರು, ನಾನು ಹೋಗಿ ನೋಡುವ ಹೊತ್ತಿಗೆ ಡ್ರಾಯರಿನ ಹಿಂಭಾಗಕ್ಕೆ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ಜೋಡಿಸಿ, ಅದು ತಿರುಗುವುದನ್ನು ನನಗೆ ಅಭಿಮಾನದಿಂದ ತೋರಿಸಿದರು. ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು, ವಾಸನೆ ಮಾತ್ರ ಹಾಗೇ ಇತ್ತು. ‘ಸರ್, ಇದು ಹೊರಗೆ ಎಳೆಯುವ ಗಾಳಿ ಒಳಗೆ ಬರುವುದು ಎಲ್ಲಿಂದ?’ ಎಂದು ಕೇಳಿದ್ದಕ್ಕೆ ಅವರು ಒಂದು ಕ್ಷಣ ಯೋಚಿಸಿ, ನಾನು ತಡೆಯುವ ಮೊದಲೇ ಡ್ರಿಲ್ಲಿಂಗ್ ಮಷೀನು ತಂದು, ದುಬಾರಿ ಪಾಲಿಶ್ ಮಾಡಿಸಿದ್ದ ಬಾಗಿಲಿಗೆ ಸಾಲಾಗಿ ತೂತು ಕೊರೆಯಲು ಆರಂಭಿಸಿದರು. ಅವರ ಹೆಂಡತಿಯ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಕಡೆಗೆ ಆ ಬಾಗಿಲಿನ ಬದಲು ಓರೆಪಟ್ಟಿಗಳ ಬಾಗಿಲು ಹಾಕಿಸಿ, ಪ್ಲೈವುಡ್ಡಿನ ಪೆಟ್ಟಿಗೆಯನ್ನು ತೆಗೆದು ತಂತಿಬುಟ್ಟಿ ಕೂರಿಸಿದೆವು, ರೇಷ್ಮೆ ಸೀರೆಗಳು ಬೇರೆ ಕೋಣೆಗೆ ಹೋದವು. ಫ್ಯಾನನ್ನು ತೆಗೆಯಲು ಅವರು ಒಪ್ಪಲಿಲ್ಲ. ಇರಲಿ, ಅದರಿಂದ ತೊಂದರೆಯೇನೂ ಇಲ್ಲ.

ಅಂಗಡಿಯಲ್ಲಿ ಬುಟ್ಟಿಯನ್ನು ಪರೀಕ್ಷಿಸಲು ನಾನು ಹೇಳಿಕೊಡುವ ಉಪಾಯ ಸುಲಭದ್ದು. ಒಂದು ಅಂಗೈಯನ್ನು ಬುಟ್ಟಿಯೊಳಗೆ ಅದರ ಗೋಡೆಗೆ ತಾಗಿದಂತೆ ಹಿಡಿದು, ಹೊರಗಿನಿಂದ ಜೋರಾಗಿ ಊದಿ. ಉಸಿರು ಅಂಗೈಗೆ ತಗಲಿದರೆ ಬುಟ್ಟಿ ಕೆಲಸಕ್ಕೆ ಬರುತ್ತದೆ. ಆಗ ಮುಚ್ಚಳವಿದ್ದರೂ ಅಡ್ಡಿಯಿಲ್ಲ. ಅಂಗಡಿಯವನು ವಿಚಿತ್ರವಾಗಿ ನೋಡಿದರೆ ನೋಡಲಿ. ಈ ಪರೀಕ್ಷೆಯಲ್ಲಿ ಸೋಲುವವುಗಳಲ್ಲಿ ಮೊದಲನೆಯದು, ನೋಡಲು ಬಟ್ಟೆಯಿಂದ ಮಾಡಿದಂತೆ ಕಾಣುವ, ಮಡಚಿಡಬಹುದಾದ ಬುಟ್ಟಿ. ಹೊರಗೆ ಸೆಣಬೋ ಹತ್ತಿಯೋ ಇದ್ದರೂ ನೀರು ಸೋರದಿರಲೆಂದು ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪ ಕೊಟ್ಟಿರುತ್ತಾರೆ. ಬೆರಳಿನಿಂದ ಉಜ್ಜಿದರೆ ಮಿರುಗುವ ನುಣುಪು ತಿಳಿಯುತ್ತದೆ. ಎರಡನೆಯದು, ಒಳ್ಳೆಯ ಬೆತ್ತದ ಬುಟ್ಟಿಯನ್ನೇ ಕೊಂಡು, ಅದು ಕೊಳೆಯಾಗಬಾರದೆಂದು ಒಳಗೆ ಪ್ಲಾಸ್ಟಿಕ್ ಚೀಲ ಹಾಕಿಡುವುದು. ಇದನ್ನು ಮಾಡುವವರು ಸಾಮಾನ್ಯವಾಗಿ ಬಹಳ ಅಚ್ಚುಕಟ್ಟಿನ ಜನ. ಅವರ ಮೇಲೆ ಸಿಟ್ಟು ಮಾಡುವುದಕ್ಕೂ ಮನಸ್ಸು ಬರುವುದಿಲ್ಲ.

ಚೆಲುವು ಮುಖ್ಯವಾದರೆ ಬೆತ್ತ ಮತ್ತು ಬಿದಿರನ್ನು ಮೀರಿಸುವುದು ಕಡಿಮೆ, ಮತ್ತು ನಮ್ಮಲ್ಲಿ ಬುಟ್ಟಿ ಹೆಣೆಯುವ ಮೇದಾರರು ಇನ್ನೂ ಇದ್ದಾರೆ. ಮೈಸೂರಿನ ಬಂಬೂ ಬಜಾರಿನಂಥ ಕಡೆ ನಿಮ್ಮ ಅಳತೆ ಹೇಳಿದರೆ ಮಾಡಿಕೊಡುವವರು ಸಿಗುತ್ತಾರೆ. ಬಿದಿರಿನಲ್ಲಿ ಕುಟ್ಟೆ ಹುಳುವಿದೆಯೇ ಎಂದು ನೋಡಿಕೊಳ್ಳಬೇಕು: ಸೂಜಿಮೊನೆಯಷ್ಟು ತೂತು, ತಟ್ಟಿದರೆ ಉದುರುವ ಹಿಟ್ಟಿನಂಥ ಪುಡಿ ಕಂಡರೆ ಅಲ್ಲೇ ಬಿಟ್ಟುಬನ್ನಿ. ಹೆಣಿಗೆಯ ಸೀಳು ಬಟ್ಟೆಯ ನೂಲನ್ನು ಎಳೆಯುತ್ತದೆಯೇ ಎಂದು ತಿಳಿಯಲು ತೆಳುವಾದ ದುಪಟ್ಟಾವನ್ನು ಒಳಗೆಲ್ಲ ಆಡಿಸಿ ನೋಡಬಹುದು. ಮೊಳೆ ಹೊಡೆದು ಕಟ್ಟಿದ ಬುಟ್ಟಿಯಾದರೆ ತಲೆ ಕಾಣುವ ಮೊಳೆ ತುಕ್ಕು ಹಿಡಿದು ಬಿಳಿಯ ಪಂಚೆಯ ಮೇಲೆ ಕಂದು ಕಲೆ ಬಿಡುತ್ತದೆ, ಅದು ಸೋಪಿಗೆ ಹೋಗುವುದಿಲ್ಲ. ಒಳಗೆ ತೆಳುವಾದ ಹತ್ತಿ ಚೀಲವೊಂದನ್ನು ಹೊಲಿಸಿ ಹಾಕಿದರೆ ಈ ತೊಂದರೆಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಕೆರೆಯಲ್ಲಿ ಬೆಳೆಯುವ ಹಯಸಿಂತ್ ಗಿಡದ ನಾರಿನ ಬುಟ್ಟಿಗಳು ಈಚೆಗೆ ಬಹಳ ಬರುತ್ತಿವೆ. ಬೆಂಗಳೂರಿಗೆ ಅಡ್ಡಿಯಿಲ್ಲ, ಆದರೆ ಕರಾವಳಿ ಮತ್ತು ಮಲೆನಾಡಿನವರಿಗೆ ನಾನು ಅವುಗಳನ್ನು ಸೂಚಿಸುವುದಿಲ್ಲ, ಬುಟ್ಟಿಗೇ ಬೂಷ್ಟು ಬರುತ್ತದೆ. ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿ ನೋಡಲು ಸಪ್ಪೆಯಾದರೂ ಕೆಲಸದಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕ. ಅದನ್ನು ಯುಟಿಲಿಟಿಯ ಬಾಗಿಲ ಹಿಂದೆ ಇಟ್ಟರಾಯಿತು.

ಎಲ್ಲಿಡಬೇಕೆಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಸ್ನಾನಗೃಹದ ಹೊರಗೆ, ಬಟ್ಟೆ ಬದಲಿಸುವ ಕಡೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ತಳಕ್ಕೆ ಪುಟ್ಟ ಕಾಲುಗಳಿರುವುದನ್ನು ಇಟ್ಟರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಅದರ ಮೇಲ್ಗಡೆ ಗೋಡೆಗೆ ಎರಡು ಕೊಕ್ಕೆಗಳನ್ನು ತಪ್ಪದೆ ಹಾಕಿಸಿ, ಏಕೆಂದರೆ ಒದ್ದೆ ಟವೆಲಿಗೂ ಬೆವರಿದ ಬನಿಯನ್ನಿಗೂ ಮೊದಲ ಜಾಗ ಕೊಕ್ಕೆಯೇ, ಅಲ್ಲಿ ಆರಿದ ಮೇಲೆಯೇ ಬುಟ್ಟಿ. ಕಲಬುರಗಿಯ ಏಪ್ರಿಲಿನಲ್ಲಿ ಈ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿದೀತು, ಆಗುಂಬೆಯ ಕಡೆಯ ಆಷಾಢದಲ್ಲಿ ಆರುವುದನ್ನು ಕಾಯುವ ಬದಲು ಅಂದೇ ಒಗೆದುಬಿಡುವುದು ಕ್ಷೇಮ. ಬುಟ್ಟಿಯೊಳಗೆ ನ್ಯಾಫ್ತಲೀನ್ ಗುಳಿಗೆ ಹಾಕುವುದರಿಂದ ತೇವ ಹೋಗುವುದಿಲ್ಲ, ಒಂದು ವಾಸನೆಯ ಮೇಲೆ ಇನ್ನೊಂದು ಕೂರುತ್ತದೆ, ಅಷ್ಟೆ. ಹಸುಗೂಸುಗಳ ಬಟ್ಟೆಯ ಹತ್ತಿರವಂತೂ ಅದು ಬೇಡವೇ ಬೇಡ.

ಕೊಳ್ಳುವ ಮೊದಲು ಅದನ್ನು ದಿನವೂ ಎತ್ತುವವರನ್ನು ಕೇಳಿ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಎಷ್ಟೋ ಮನೆಗಳಲ್ಲಿ ಚಿತ್ರ ಆರಿಸುವವರು ಒಬ್ಬರು, ಬುಟ್ಟಿಯನ್ನು ಮಷೀನಿನವರೆಗೆ ಹೊರುವವರು ಮನೆಗೆಲಸಕ್ಕೆ ಬರುವಾಕೆ ಅಥವಾ ಮಂಡಿನೋವಿನ ಅತ್ತೆ. ತುಂಬಿದ ಬುಟ್ಟಿ ಏಳೆಂಟು ಕಿಲೋ ತೂಗುತ್ತದೆ. ತೆಳುವಾದ ಸೆಣಬಿನ ಹಿಡಿಕೆ ಬೆರಳನ್ನು ಕೊರೆಯುತ್ತದೆ. ಬುಟ್ಟಿಯನ್ನು ಇದ್ದಲ್ಲೇ ಬಿಟ್ಟು ಒಳಗಿನ ಹತ್ತಿ ಚೀಲವನ್ನು ಮಾತ್ರ ಎತ್ತಿಕೊಂಡು ಹೋಗುವಂತಿದ್ದರೆ ಒಳ್ಳೆಯದು, ಆ ಚೀಲವೂ ಬಟ್ಟೆಯ ಜೊತೆಗೇ ಮಷೀನಿಗೆ ಬೀಳಲಿ. ಸಾಧ್ಯವಾದರೆ ಚೀಲಗಳು ಎರಡಿರಲಿ, ಬಿಳಿಗೊಂದು ಬಣ್ಣಕ್ಕೊಂದು, ಏಕೆಂದರೆ ತೇವವಿರುವಾಗ ಹೊಸ ಇಳಕಲ್ ಸೀರೆಯ ಕೆಂಪು ಸೆರಗು ಶಾಲೆಯ ಬಿಳಿ ಅಂಗಿಗೆ ಬಣ್ಣ ಹಚ್ಚಲು ಮಷೀನಿನವರೆಗೆ ಕಾಯುವುದಿಲ್ಲ. ಅಡುಗೆಮನೆಯ ಜಿಡ್ಡಿನ ಒರೆಸುಬಟ್ಟೆಗೆ ಬೇರೆಯೇ ಒಂದು ಚಿಕ್ಕ ಬಕೆಟ್ಟು ಬೇಕು. ರೇಷ್ಮೆಯನ್ನು ಯಾವ ಬುಟ್ಟಿಗೂ ಹಾಕಬೇಡಿ. ಉಟ್ಟು ಬಂದ ಸೀರೆಯನ್ನು ನೆರಳಿನಲ್ಲಿ ಗಾಳಿಗೆ ಹರವಿ, ಬೆವರು ಆರಿದ ಮೇಲೆ ಮಡಚಿಡಿ, ಕಲೆಯಿದ್ದರೆ ಡ್ರೈಕ್ಲೀನಿಂಗಿಗೆ ಕೊಡಿ.