ಬಿಸಿಲಲ್ಲಿ ಬಂದ್ ಬೀಳುವ ಡೀಸೆಲ್ ಜೀಪು ಗ್ಯಾರೇಜಿನಲ್ಲಿ ಸರಿಯಿರುತ್ತದೆ, ಪಂಪ್ ಬದಲಿಸಬೇಕೇ?

ಪ್ರಶ್ನೆ: ನಮ್ಮದು ಟಿಕೋಟಾ ಕಡೆ ದ್ರಾಕ್ಷಿ ತೋಟ. ಕಾಮನ್ ರೇಲ್ ಡೀಸೆಲ್, ಫೋರ್ ವ್ಹೀಲ್ ಡ್ರೈವ್ ಜೀಪು ಐತ್ರಿ. ಮುಂಜಾನೆ ಏನೂ ತಕರಾರು ಇಲ್ಲ. ಮಧ್ಯಾಹ್ನ ಬಿಸಿಲಾಗ ವಿಜಯಪುರಕ್ಕ ಹೊಂಟ್ರ ನಡು ದಾರಿಯೊಳಗ ಒಮ್ಮೆಲೆ ಬಂದ್ ಬೀಳತೈತಿ. ಇಪ್ಪತ್ತು ನಿಮಿಷ ನಿಂತು ಸೆಲ್ಫ್ ಹೊಡದ್ರ ಮತ್ತ ಚಾಲೂ. ಗ್ಯಾರೇಜಿಗೆ ಒಯ್ದ್ರ ಏನೂ ಆಗಂಗಿಲ್ಲ. ಡೀಸೆಲ್ ಫಿಲ್ಟರ್ ಹೊಸಾದು ಹಾಕಿಸೇನಿ. ಈಗ ಪಂಪ್ ಬದಲಿಸೂಣು ಅನ್ನಾಕತ್ತಾರ. ಏನ್ ಮಾಡ್ಲಿ?

ಉತ್ತರ: ಡೀಸೆಲ್ಲಿಗೆ ಒತ್ತಡ ಕೊಡುವ ಹೈ ಪ್ರೆಶರ್ ಪಂಪಿಗೆ ಇನ್ನೂ ಕೈ ಹಚ್ಚಬೇಡಿ. ನೀವು ಹೇಳಿದ ಲಕ್ಷಣಕ್ಕೆ ಮೊದಲ ಅನುಮಾನ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಎರಡನೆಯದು ಟ್ಯಾಂಕಿನಿಂದ ಹೈ ಪ್ರೆಶರ್ ಪಂಪಿನವರೆಗೆ ಡೀಸೆಲ್ ಬರುವ ದಾರಿಯ ಮೇಲೆ. ಪಂಪ್ ಸವೆದಿದ್ದರೆ ಇಂಜಿನ್ ಬಿಸಿಯಿದ್ದಾಗ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ, ಏರಿನಲ್ಲಿ ಪಿಕಪ್ ಸಾಯುತ್ತದೆ. ಚೆನ್ನಾಗಿ ಓಡುತ್ತಿದ್ದ ಗಾಡಿ ಒಮ್ಮೆಲೇ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಓಡುವುದು ಪಂಪಿನ ಸ್ವಭಾವವಲ್ಲ.

ಗಾಡಿ ಹೇಗೆ ಸಾಯುತ್ತದೆ ಎಂಬುದೇ ಇಲ್ಲಿ ಅರ್ಧ ಉತ್ತರ. ಮುಂದಿನ ಸಲ ಬಂದ್ ಬಿದ್ದಾಗ ಕ್ಲಚ್ ಒತ್ತದೆ, ಗಾಡಿ ಗೇರಿನಲ್ಲೇ ಉರುಳುತ್ತಿರುವ ಆ ಎರಡು ಮೂರು ಸೆಕೆಂಡು ಆರ್‌ಪಿಎಂ ಮುಳ್ಳನ್ನು ನೋಡಿ. ಚಕ್ರ ಇಂಜಿನ್ನನ್ನು ಇನ್ನೂ ತಿರುಗಿಸುತ್ತಿದ್ದರೂ ಮುಳ್ಳು ಪಟ್ಟನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಹೋಗಿದೆ. ಇಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಗೊತ್ತಾಗದಿದ್ದರೆ ಅದು ಇಂಜೆಕ್ಟರ್ ತೆರೆಯುವುದಿಲ್ಲ. ಗಾಡಿಯ ವೇಗದ ಜೊತೆಗೇ ಮುಳ್ಳು ನಿಧಾನ ಇಳಿದರೆ ಸಿಗ್ನಲ್ ಇದೆ, ಡೀಸೆಲ್ ಹೋಗುತ್ತಿಲ್ಲ. ಮೀಟರಿನ ದೀಪಗಳೆಲ್ಲ ಕ್ಷಣ ಹೊತ್ತು ಆರಿದರೆ ಮೇನ್ ರಿಲೇ, ಕೀ ಸ್ವಿಚ್, ಬ್ಯಾಟರಿಯ ಅರ್ಥ್ ಕೇಬಲ್ ನೋಡಬೇಕು. ಆ ಹೊತ್ತಿನಲ್ಲಿ ಕೀ ಹೊರಗೆ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಇಂಜಿನ್ ನಿಂತಾಗ ಸ್ಟೇರಿಂಗ್ ಭಾರವಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟೇ ಇರುತ್ತದೆ, ಬ್ರೇಕನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಬದಿಗೆ ನಿಲ್ಲಿಸಿ.

ನಿಂತ ಕೂಡಲೇ, ಇನ್ನೂ ಬಿಸಿಯಿರುವಾಗಲೇ, ಸೆಲ್ಫ್ ಹೊಡೆಯಿರಿ. ಸೆಲ್ಫ್ ತಿರುಗಿದಾಗ ಸ್ಕ್ಯಾನರಿನಲ್ಲಿ ಸುಮಾರು 200 ಆರ್‌ಪಿಎಂ ಕಾಣಬೇಕು. ಸೊನ್ನೆಯಿದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್. ಇದಕ್ಕೆ ದೊಡ್ಡ ಸ್ಕ್ಯಾನರ್ ಬೇಕಿಲ್ಲ. ಇಸಿಯು ಓದಿ ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ರೀಡರ್ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಪಕ್ಕದವರ ಕೈಗೆ ಮೊಬೈಲ್ ಕೊಟ್ಟರೆ ಸಾಕು. ತಪ್ಪಿನ ಕೋಡ್ ಪಿ0335 ಅಥವಾ ಪಿ0336 ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್. ಕೋಡ್ ಜೊತೆ ಫ್ರೀಜ್ ಫ್ರೇಮ್ ಇದ್ದರೆ ಅದನ್ನೂ ಬರೆದುಕೊಳ್ಳಿ, ತಪ್ಪು ಬಿದ್ದ ಕ್ಷಣದ ವೇಗ, ಬಿಸಿ, ಲೋಡ್ ಎಲ್ಲ ಅದರಲ್ಲಿರುತ್ತದೆ. ಓದುವ ಮೊದಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿದರೆ ಇದೆಲ್ಲ ಅಳಿಸಿ ಹೋಗಬಹುದು. ಗ್ಯಾರೇಜಿನಲ್ಲಿ ಏನೂ ಸಿಗದಿರಲು ಎಷ್ಟೋ ಸಲ ಇದೇ ಕಾರಣ.

ಇಂಜಿನ್ನಿನ ಬಿಸಿಗೆ ಸೆನ್ಸರಿನ ಒಳಗಿನ ಸಣ್ಣ ತಂತಿಯೋ ಬೆಸುಗೆಯೋ ಹಿಗ್ಗಿ ಬಿರುಕಿನಲ್ಲಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಹಾಗಾಗಿ ರಸ್ತೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸೆನ್ಸರ್ ಗಾಡಿಗೆ ತಕ್ಕಂತೆ ಬೆಲ್ ಹೌಸಿಂಗ್ (ಇಂಜಿನ್, ಗೇರ್ ಬಾಕ್ಸ್ ಕೂಡುವ ಕಡೆಯ ಕವಚ) ಮೇಲೋ ಮುಂದಿನ ಪುಲ್ಲಿಯ ಹತ್ತಿರವೋ ಇರುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲಷ್ಟೇ ಎರಡು ಮೂರು ನಿಮಿಷ ಸುತ್ತಿಡಿ, ಟರ್ಬೊ, ಸೈಲೆನ್ಸರ್ ಪೈಪಿನ ಮೇಲೆ ನೀರು ಬೀಳದಿರಲಿ. ಇಪ್ಪತ್ತು ನಿಮಿಷ ಬೇಡುತ್ತಿದ್ದ ಗಾಡಿ ಐದು ನಿಮಿಷದೊಳಗೆ ಚಾಲೂ ಆದರೆ ಕಳ್ಳ ಸಿಕ್ಕ ಹಾಗೆಯೇ. ಗ್ಯಾರೇಜಿನಲ್ಲಿ ಇದನ್ನೇ ತಿರುಗಿಸಿ ಮಾಡಬೇಕು: ರೇಸ್ ಕೊಡದೆ ಗಾಡಿ ಐಡಲ್‌ನಲ್ಲಿಟ್ಟು, ಕೂದಲು ಒಣಗಿಸುವ ಡ್ರೈಯರಿನಿಂದ ಸೆನ್ಸರಿಗೆ ಬಿಸಿ ಗಾಳಿ ಹಿಡಿಯಬೇಕು.

ಹೊಸ ಸೆನ್ಸರ್ ತರುವ ಮೊದಲು ಅದರ ವೈರಿನ ಮೇಲೆ ಬೆರಳಾಡಿಸಿ ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಲ್ಲಿ ಇಲಿ ಕಡಿದ ವೈರು ಸಾಮಾನ್ಯ. ಕನೆಕ್ಟರಿನೊಳಗೆ ಎರಿಮಣ್ಣಿನ ಧೂಳು, ಹಸಿರು ಕಿಲುಬು, ಬ್ರ್ಯಾಕೆಟ್ಟಿಗೆ ಉಜ್ಜಿ ಸವೆದ ಕವಚ, ಇವೂ ಇದೇ ಲಕ್ಷಣ ತೋರಿಸುತ್ತವೆ. ಐಡಲ್‌ನಲ್ಲಿ ಫ್ಯಾನ್, ಬೆಲ್ಟಿನಿಂದ ಕೈ ದೂರವಿಟ್ಟು ವೈರನ್ನು ಅಲ್ಲಾಡಿಸುತ್ತ ಹೋಗಿ, ಮುಳ್ಳು ಎಲ್ಲಿ ಜಿಗಿಯುತ್ತದೋ ತಪ್ಪು ಅಲ್ಲೇ. ಎರಡು ತಂತಿಯ ಸೆನ್ಸರ್ ಆದರೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಬಹುದು, ತಣ್ಣಗಿದ್ದಾಗ ಒಮ್ಮೆ, ಬಿಸಿಯಲ್ಲಿ ಒಮ್ಮೆ. ಮೂರು ತಂತಿಯ ಹಾಲ್ ಸೆನ್ಸರಿಗೆ ಓಮ್ ಪರೀಕ್ಷೆ ಅರ್ಥವಿಲ್ಲದ್ದು, ಅಲ್ಲಿ ಸಪ್ಲೈ (ಬಹುತೇಕ 5 ವೋಲ್ಟ್), ಅರ್ಥ್ ಮತ್ತು ಸಿಗ್ನಲ್ ನೋಡಬೇಕು.

ಮುಳ್ಳು ನಿಧಾನ ಇಳಿಯಿತು, ಬಂದ್ ಬೀಳುವ ಮೊದಲು ಗಾಡಿ ಜಗ್ಗಾಡಿತು ಎಂದಾದರೆ ಡೀಸೆಲ್ ದಾರಿಗೆ ಬನ್ನಿ. ಟ್ಯಾಂಕಿನ ಮುಚ್ಚಳ ತೆರೆದಾಗ ಜೋರಾಗಿ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಕಟ್ಟಿಕೊಂಡಿದೆ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗ್ಲಾಸ್ ಡೀಸೆಲ್ ಹಿಡಿದು ಹತ್ತು ನಿಮಿಷ ಬಿಡಿ, ತಳದಲ್ಲಿ ನೀರು ನಿಲ್ಲುತ್ತದೆಯೇ ನೋಡಿ. ಬ್ಯಾರಲ್ಲಿನಲ್ಲಿ ಇಟ್ಟ ಡೀಸೆಲ್ ಹಾಕುವವರು ಇದನ್ನು ಬಿಡಲೇಬಾರದು. ಹೊಲದ ದಾರಿಯಲ್ಲಿ ಚಾಸಿಯ ಅಡಿಯ ಪೈಪಿನ ಕ್ಲಿಪ್ ಮುರಿದು ಪೈಪ್ ಸವೆದಿದ್ದರೆ ಗಾಳಿ ಎಳೆಯುತ್ತದೆ. ಟ್ಯಾಂಕಿನಲ್ಲಿ ಪಂಪ್ ಇಲ್ಲದೆ ಇಂಜಿನ್ ಕಡೆಯಿಂದಲೇ ಡೀಸೆಲ್ ಎಳೆದುಕೊಳ್ಳುವ ಗಾಡಿಗಳಲ್ಲಿ ಇಂಥ ಕಡೆ ಡೀಸೆಲ್ ಜಿನುಗದೆಯೂ ಇರಬಹುದು, ಆದ್ದರಿಂದ ಒಣಗಿದೆ ಎಂದು ನಂಬಬೇಡಿ. ಫಿಲ್ಟರಿಗೂ ಪಂಪಿಗೂ ನಡುವೆ ಡೀಸೆಲ್ಲಿಗೆ ತಾಳುವ ಪಾರದರ್ಶಕ ಪೈಪಿನ ತುಂಡು ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಮಾತ್ರ ಬಂದ್ ಬೀಳುತ್ತದೆಯೇ ಎಂಬುದನ್ನೂ ಗಮನಿಸಿ.

ಸ್ಕ್ಯಾನರಿನಲ್ಲಿ ಪಿ0087 ಕಂಡ ಕೂಡಲೇ ಪಂಪ್ ಎನ್ನುವವರಿದ್ದಾರೆ. ಆ ಕೋಡ್ ಹೇಳುವುದು ರೇಲಿನಲ್ಲಿ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಕೊಳವೆಯಲ್ಲಿ) ಒತ್ತಡ ಕಡಿಮೆ ಎಂದಷ್ಟೇ, ಯಾಕೆ ಎಂದು ಹೇಳುವುದಿಲ್ಲ. ಇಸಿಯು ಕೇಳಿದ ಒತ್ತಡ, ನಿಜವಾಗಿ ಸಿಕ್ಕ ಒತ್ತಡ ಎರಡನ್ನೂ ಒಟ್ಟಿಗೆ ನೋಡಿ. ಐಡಲ್‌ನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್ ಇರುತ್ತದೆ, ಏರಿನಲ್ಲಿ ಸಾವಿರ ದಾಟುತ್ತದೆ. ಡೀಸೆಲ್ ದಾರಿ ಸರಿಯಿದ್ದೂ ಒತ್ತಡ ಹಿಂದೆ ಬಿದ್ದರೆ ಇಂಜೆಕ್ಟರ್‌ಗಳ ರಿಟರ್ನ್ ಪೈಪುಗಳನ್ನು ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು ಐಡಲ್‌ನಲ್ಲಿ ಓಡಿಸಿ. ಒಂದರಲ್ಲಿ ಉಳಿದವುಗಳ ಎರಡರಷ್ಟು ತುಂಬಿದರೆ ಸೋರುವುದು ಆ ಇಂಜೆಕ್ಟರ್. ಆಮೇಲೆ ನೋಡಬೇಕಾದ್ದು ಪಂಪಿನ ಮೇಲಿರುವ, ಡೀಸೆಲ್ ಅಳೆದು ಬಿಡುವ ಮೀಟರಿಂಗ್ ವಾಲ್ವ್. ಪಂಪ್ ಎಲ್ಲಕ್ಕಿಂತ ಕೊನೆಗೆ. ಹಳೆಯ ಇಂಜಿನ್ನಿನ ರೂಢಿಯಂತೆ ಇಂಜೆಕ್ಟರ್ ನಟ್ ಸಡಿಲಿಸಿ ನೋಡುವುದು ಇಲ್ಲಿ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳು ಕಳೆದುಕೊಳ್ಳುವ ಗಾಯವದು.

ಬಂದ್ ಬೀಳದೆ ರೇಸ್ ಮಾತ್ರ ಮೇಲೇರದೆ, ಕೀ ಆಫ್ ಮಾಡಿ ಹಾಕಿದರೆ ಸರಿಹೋಗುವುದು ಬೇರೆ ತಕರಾರು. ಅದಕ್ಕೆ ಟರ್ಬೊ ಪೈಪು, ವ್ಯಾಕ್ಯೂಮ್ ಪೈಪು, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್) ನೋಡಬೇಕು. ಇಸಿಯು ಇಲ್ಲದ ಹಳೆಯ ಜೀಪು ಒಮ್ಮೆಲೇ ನಿಂತರೆ ಪಂಪಿನ ಮೇಲಿನ, ಡೀಸೆಲ್ ಬಂದ್ ಮಾಡುವ ಸ್ಟಾಪ್ ಸೊಲೆನಾಯ್ಡಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ.

ಸೆನ್ಸರ್ ಬದಲಿಸುವುದೇ ಆದರೆ ಕೂರುವ ಜಾಗದ ಮಣ್ಣು, ಕಬ್ಬಿಣದ ಪುಡಿ ಒರೆಸಿ, ಹೊಸ ಓ ರಿಂಗಿಗೆ ಎಣ್ಣೆ ಸವರಿ ಕೂರಿಸಿ, ಸುತ್ತಿಗೆಯಿಂದ ಬಡಿಯಬೇಡಿ. ಕೋಡ್ ಅಳಿಸಿ, ಮಧ್ಯಾಹ್ನ ಎರಡರ ಬಿಸಿಲಲ್ಲಿ ಅದೇ ಟಿಕೋಟಾ ರಸ್ತೆಯಲ್ಲಿ ಮೂರು ದಿನ ಓಡಿಸಿ. ಮುಂಜಾನೆಯ ತಂಪಿನಲ್ಲಿ ಓಡಿಸಿ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.