ದೊಡ್ಡ ಯಂತ್ರಕ್ಕೆ ಕಾಯಬೇಕಿಲ್ಲ: ಬಳ್ಳಾರಿಯಿಂದ ನೋಡಿದರೆ ಕ್ಲಸ್ಟರ್ ಕಥೆ

ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ರಾಯಚೂರು, ಕೊಪ್ಪಳಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದಿದ್ದು ಇನ್ನೂ ಈಚೆಗೆ. ದೊಡ್ಡ ಲೆಕ್ಕ ಬೇಕಾದ ಸಂಶೋಧನೆ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಬೆಂಗಳೂರಿನತ್ತ ನೋಡುತ್ತಾರೆ. ಆದರೆ ದೊಡ್ಡ ಯಂತ್ರ ಸಿಗದವರೇ ಕ್ಲಸ್ಟರ್, ಅಂದರೆ ಹಲವು ಸಣ್ಣ ಕಂಪ್ಯೂಟರ್ ಜೋಡಿಸಿ ಒಂದೇ ಯಂತ್ರದ ಹಾಗೆ ದುಡಿಸುವ ಗುಂಪು, ಕಟ್ಟಿದ್ದು ಅನ್ನೋದನ್ನು ಮರೆಯಬಾರದು.

1980ರ ದಶಕದಲ್ಲಿ ಭಾರತ ಅಮೆರಿಕದಿಂದ ಕ್ರೇ ಸೂಪರ್‌ಕಂಪ್ಯೂಟರ್ ಕೇಳಿತು. ಕೇಳಿದ್ದು ಸಿಗಲಿಲ್ಲ. ಹವಾಮಾನದ ಕೆಲಸಕ್ಕೆ ಮಾತ್ರ ಅಂತ ಚಿಕ್ಕದೊಂದು ಬಂತು, ಷರತ್ತುಗಳ ಸಮೇತ. ಅಷ್ಟರಲ್ಲೇ, 1986ರಲ್ಲಿ, ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಹಲವು ಪ್ರೊಸೆಸರ್ ಜೋಡಿಸಿ ಫ್ಲೋಸಾಲ್ವರ್ ಅನ್ನುವ ಕಂಪ್ಯೂಟರ್ ಕಟ್ಟಿದ್ದರು. 1988ರಲ್ಲಿ ಪುಣೆಯಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು. ಅಲ್ಲಿನ ವಿಜಯ್ ಭಟ್ಕರ್ ಅವರ ತಂಡ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ತಂದಿತು.

ಕಾಲೇಜುಗಳಿಗೆ ದಾರಿ ತೆರೆದದ್ದು ಮಾತ್ರ 1994. ನಾಸಾದ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ 486 ಪ್ರೊಸೆಸರಿನ 16 ಕಂಪ್ಯೂಟರುಗಳನ್ನು ಈಥರ್ನೆಟ್ ಅನ್ನುವ ಸಾಮಾನ್ಯ ನೆಟ್‌ವರ್ಕ್ ಕೇಬಲ್‌ನಿಂದ ಜೋಡಿಸಿ, ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಹಾಕಿದರು. ಅದೇ ಬಿಯೋವುಲ್ಫ್. ಯಂತ್ರಗಳು ತಮ್ಮೊಳಗೆ ಮಾತಾಡಲು ಬೇಕಾದ ಎಂಪಿಐ (ಸಂದೇಶ ಕಳಿಸುವ ಸಾಮಾನ್ಯ ನಿಯಮಗಳು) ಮಾನದಂಡವೂ ಅದೇ ವರ್ಷ ಬಂತು.

ಇದು ಕೆಲಸ ಮಾಡುವುದು ಹೇಗೆ? ತುಂಗಭದ್ರಾ ಜಲಾಶಯದಲ್ಲಿ ಹೂಳು ಹೇಗೆ ಸರಿಯುತ್ತದೆ ಅಂತ ಲೆಕ್ಕ ಹಾಕಬೇಕು ಅಂದುಕೊಳ್ಳಿ. ಜಲಾಶಯವನ್ನು ಚೌಕಗಳಾಗಿ ಹಂಚಿ, ಒಂದೊಂದು ಭಾಗವನ್ನು ಒಂದೊಂದು ಯಂತ್ರಕ್ಕೆ ಕೊಡುತ್ತೇವೆ. ಪ್ರತಿ ಹೆಜ್ಜೆಗೂ ಅಂಚಿನ ಅಂಕಿಗಳನ್ನು ಪಕ್ಕದ ಯಂತ್ರಕ್ಕೆ ಕಳಿಸಬೇಕು. ನೆಟ್‌ವರ್ಕ್ ನಿಧಾನವಿದ್ದರೆ ಎಲ್ಲವೂ ಸುಮ್ನೆ ಕಾಯುತ್ತಾ ಕೂರುತ್ತವೆ. ತೊಗರಿಯ ಸಾವಿರಾರು ಡಿಎನ್‌ಎ ತುಣುಕುಗಳನ್ನು ಹೋಲಿಸುವ ಕೆಲಸಕ್ಕೆ ಈ ತೊಂದರೆ ಕಡಿಮೆ. ಯಾರದ್ದನ್ನು ಯಾರೂ ಕೇಳಬೇಕಿಲ್ಲ ಅಲ್ವಾ? ಇನ್ನೊಂದು ಮಿತಿಯನ್ನು ಅಮೆರಿಕದ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಕೆಲಸದ ಶೇ 5ರಷ್ಟನ್ನು ಹಂಚಲು ಆಗದಿದ್ದರೆ, ಎಷ್ಟು ಯಂತ್ರ ಇಟ್ಟರೂ ವೇಗ 20 ಪಟ್ಟು ದಾಟದು.

2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ಸ್‌ನ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡುವ) ಪರಮ್ ಪ್ರವೇಗ ಬಂತು. ಒಳ್ಳೆಯದೇ. ಆದರೆ ಅಂಥ ಯಂತ್ರದ ಮೇಲೆ ಓಡಿಸುವ ಪ್ರೋಗ್ರಾಂ ಬರೆಯಲು ಮಕ್ಕಳು ಮೊದಲು ಕಲಿಯಬೇಕು. ಅದಕ್ಕೆ ಲ್ಯಾಬಿನ ಎಂಟು ಹಳೆಯ ಕಂಪ್ಯೂಟರ್, ಅವನ್ನು ಜೋಡಿಸುವ ಒಂದು ಗಿಗಾಬಿಟ್ ಸ್ವಿಚ್ ಸಾಕು. ಬಳ್ಳಾರಿಯ 40 ಡಿಗ್ರಿ ಬಿಸಿಲಿಗೆ ಎಸಿ, ಕರೆಂಟ್ ಹೋದಾಗ ಯುಪಿಎಸ್ ಬೇಕೇ ಬೇಕು. ಅದಕ್ಕಿಂತ ಜಾಸ್ತಿ ಬೇಕಾದ್ದು, ಅದನ್ನು ದಿನವೂ ನೋಡಿಕೊಳ್ಳುವ ಒಬ್ಬ ಸಿಸ್ಟಂ ಅಡ್ಮಿನ್. ಆ ಹುದ್ದೆಯನ್ನು ಬಜೆಟ್‌ನಲ್ಲಿ ಯಂತ್ರಕ್ಕಿಂತ ಮೊದಲು ಬರೆಯಬೇಕು.