25 ಸಾವಿರದೊಳಗೆ ಬಾಳಿಕೆ ಬರುವ ಸಣ್ಣ ಲ್ಯಾಪ್‌ಟಾಪ್ ಸಿಗುತ್ತದೆಯೇ?

ಪ್ರಶ್ನೆ: ಮಗಳು ಈ ವರ್ಷ ಬಿ.ಕಾಂ. ಸೇರುತ್ತಿದ್ದಾಳೆ. ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಒಯ್ಯುವಷ್ಟು ಹಗುರವಾದ, ಪದವಿ ಮುಗಿಯುವವರೆಗಾದರೂ ಕೈಕೊಡದ ಲ್ಯಾಪ್‌ಟಾಪ್ 25 ಸಾವಿರ ರೂಪಾಯಿಯೊಳಗೆ ಸಿಗುತ್ತದೆಯೇ? ಹೊಸದನ್ನೇ ಕೊಳ್ಳಬೇಕೇ, ಬಳಸಿದ್ದಾದರೂ ನಡೆಯುತ್ತದೆಯೇ?

ಉತ್ತರ: ಸಿಗುತ್ತದೆ. ಆದರೆ ಇಷ್ಟೇ ಹಣ ಕೈಯಲ್ಲಿದ್ದರೆ ಹೊಸದನ್ನು ಬಿಟ್ಟು, ಕಂಪನಿಗಳ ಕಚೇರಿಯಲ್ಲಿ ಮೂರು ನಾಲ್ಕು ವರ್ಷ ಕೆಲಸ ಮಾಡಿ ಹೊರಬಂದ, ಅಂಗಡಿಯವರು ಒರೆಸಿ, ಪರೀಕ್ಷಿಸಿ, ವಾರಂಟಿ ಕೊಟ್ಟು ಮಾರುವ ರಿಫರ್ಬಿಷ್ಡ್ ಲ್ಯಾಪ್‌ಟಾಪನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗಳ ಕೈಗೆ ಹಳೆಯ ವಸ್ತುವನ್ನು ಕೊಡಲು ತಂದೆತಾಯಿಗೆ ಮನಸ್ಸಾಗದಿರುವುದು ಸಹಜ. ಆದ್ದರಿಂದ ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಬೆಲೆಯ ಹೊಸ ಲ್ಯಾಪ್‌ಟಾಪುಗಳಲ್ಲಿ ತಯಾರಕರು ಉಳಿತಾಯ ಮಾಡುವುದು ನಮ್ಮ ಕಣ್ಣಿಗೆ ಬೀಳದ ಜಾಗಗಳಲ್ಲಿ. ಮೊದಲನೆಯದು ಸಂಗ್ರಹ. ಅನೇಕ ಅಗ್ಗದ ಮಾದರಿಗಳಲ್ಲಿ ಎಸ್‌ಎಸ್‌ಡಿ ಎಂಬ ವೇಗದ ಸಂಗ್ರಹದ ಬದಲು 64 ಜಿಬಿಯ ಇಎಂಎಂಸಿ ಎಂಬ ನಿಧಾನಗತಿಯ ಸಂಗ್ರಹವಿರುತ್ತದೆ. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ 64 ಜಿಬಿ ಆಗಿರುವುದರಿಂದ, ಎರಡು ದೊಡ್ಡ ಅಪ್‌ಡೇಟ್ ಬರುವಷ್ಟರಲ್ಲಿ ಅದು ತುಂಬಿಹೋಗುತ್ತದೆ. ಮದರ್‌ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಬಿಚ್ಚಿ ದೊಡ್ಡದನ್ನು ಹಾಕಿಸಲೂ ಆಗುವುದಿಲ್ಲ. ನಮ್ಮ ಮನೆಗೆ ಬಂದಿದ್ದ ಇಂಥದೊಂದು ಲ್ಯಾಪ್‌ಟಾಪು ಎರಡನೆಯ ವರ್ಷಕ್ಕೇ ಹೊಸ ಅಪ್‌ಡೇಟ್ ಹಾಕಿಕೊಳ್ಳಲು ಜಾಗವಿಲ್ಲದೆ ನಿಂತುಹೋಯಿತು. ಅದರ ಪರದೆ, ಕೀಲಿಮಣೆ, ಬ್ಯಾಟರಿ ಎಲ್ಲವೂ ಚೆನ್ನಾಗಿಯೇ ಇದ್ದವು. ಎರಡನೆಯದು ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಸ್ಮೃತಿ, ಅಂದರೆ 4 ಜಿಬಿ ರ‍್ಯಾಮ್, ಅದೂ ಎಷ್ಟೋ ಸಲ ಬೆಸುಗೆ ಹಾಕಿದ್ದೇ. ಮೂರನೆಯದು ಹಿಂಜ್, ಅಂದರೆ ಪರದೆಯನ್ನು ಕೆಳಭಾಗಕ್ಕೆ ಜೋಡಿಸುವ ಕೀಲು. ಅಗ್ಗದ ಮಾದರಿಗಳಲ್ಲಿ ಕೀಲಿನ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ಬಿರಡೆಗಳನ್ನು ಹಿಡಿದು ನಿಂತಿರುತ್ತವೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವಾಗ ಆ ಬಿರಡೆಗಳು ಕಿತ್ತುಬಂದು, ಮೂಲೆಯಲ್ಲಿ ಪ್ಲಾಸ್ಟಿಕ್ ಬಾಯಿಬಿಡುತ್ತದೆ.

ಕಚೇರಿಗಳಿಗೆಂದೇ ತಯಾರಾಗುವ ಲ್ಯಾಪ್‌ಟಾಪುಗಳ ಕಥೆ ಬೇರೆ. ಕಂಪನಿಗಳು ಅವನ್ನು ಒಂದೇ ಸಲಕ್ಕೆ ಸಾವಿರಾರು ಸಂಖ್ಯೆಯಲ್ಲಿ ಕೊಳ್ಳುತ್ತವೆ ಅಥವಾ ಬಾಡಿಗೆಗೆ ಪಡೆಯುತ್ತವೆ, ಮತ್ತು ಕೆಟ್ಟರೆ ತಂತ್ರಜ್ಞರು ಅಲ್ಲೇ ಬಿಚ್ಚಿ ಸರಿಪಡಿಸಬೇಕೆಂದು ಬಯಸುತ್ತವೆ. ಆದ್ದರಿಂದ ಅವುಗಳ ತಳದ ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ತೆರೆದುಕೊಳ್ಳುತ್ತದೆ, ಬ್ಯಾಟರಿ ಮತ್ತು ಎಸ್‌ಎಸ್‌ಡಿ ಬದಲಾಯಿಸಲು ಬರುತ್ತವೆ, ಬಿಡಿಭಾಗಗಳು ಮಾದರಿ ನಿಂತ ಮೇಲೂ ವರ್ಷಗಟ್ಟಲೆ ದೊರೆಯುತ್ತವೆ. ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದವರಿಗೆ ಇದು ಗೊತ್ತಿರುತ್ತದೆ. ಬಾಳಿಕೆ ಎಂದರೆ ಕೆಡದೇ ಇರುವುದು ಮಾತ್ರವಲ್ಲ. ಕೆಟ್ಟಾಗ ಕಡಿಮೆ ಖರ್ಚಿನಲ್ಲಿ ಸರಿಹೋಗುವುದೂ ಬಾಳಿಕೆಯೇ.

ಯಾವ ಮಾದರಿ ಎಂದು ಕೇಳಿದರೆ, ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್280, ಡೆಲ್ ಲ್ಯಾಟಿಟ್ಯೂಡ್ 7290, ಎಚ್‌ಪಿ ಎಲೀಟ್‌ಬುಕ್ 830 ಜಿ5, ಈ ಮೂರರಲ್ಲಿ ಒಂದನ್ನು ಹುಡುಕಿ. ಮೊದಲೆರಡರ ಪರದೆ 12.5 ಇಂಚು, ತೂಕ ಸುಮಾರು ಒಂದೂಕಾಲು ಕಿಲೋ, ಮೂರನೆಯದು 13.3 ಇಂಚು. ಎಕ್ಸ್280ರಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದು, ಮುಂದೆ ಹೆಚ್ಚಿಸಲು ಬರುವುದಿಲ್ಲ. ಆದ್ದರಿಂದ ಅದನ್ನು ಕೊಳ್ಳುವುದಾದರೆ 8 ಜಿಬಿಗೆ ಕಡಿಮೆ ಇರಬಾರದು. ಲ್ಯಾಟಿಟ್ಯೂಡಿನಲ್ಲಿ ರ‍್ಯಾಮ್‌ಗೆ ಒಂದು ಸ್ಲಾಟ್ ಇದೆ, ಎಲೀಟ್‌ಬುಕ್ಕಿನಲ್ಲಿ ಎರಡಿವೆ. ಈ ಕಾರಣಕ್ಕಾಗಿಯೇ, ಮೂರೂ ಒಂದೇ ಬೆಲೆಗೆ ಸಿಕ್ಕರೆ ನಾನು ಎಲೀಟ್‌ಬುಕ್ಕನ್ನು ಆರಿಸುತ್ತೇನೆ. ತುಸು ದೊಡ್ಡದಾದರೂ ಪರವಾಗಿಲ್ಲ ಎನ್ನುವವರಿಗೆ 14 ಇಂಚಿನ ಥಿಂಕ್‌ಪ್ಯಾಡ್ ಟಿ480 ಇದೆ. ಅದರ ತೂಕ ಒಂದೂವರೆ ಕಿಲೋ ದಾಟುತ್ತದೆ. ಆದರೆ ಒಳಗೊಂದು, ಹೊರಗೊಂದು ಹೀಗೆ ಎರಡು ಬ್ಯಾಟರಿಗಳಿರುವುದರಿಂದ, ಯಂತ್ರವನ್ನು ಆಫ್ ಮಾಡದೆಯೇ ಹೊರಗಿನದನ್ನು ತೆಗೆದು ಇನ್ನೊಂದನ್ನು ಹಾಕಬಹುದು. ಮಧ್ಯಾಹ್ನವಿಡೀ ಕರೆಂಟಿಲ್ಲದ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಈ ನಾಲ್ಕೂ ಹೆಚ್ಚಾಗಿ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರ್ ಇರುವ, 2018ರ ಸುಮಾರಿನ ಮಾದರಿಗಳು. ನಾನು ಬೇಕೆಂದೇ ಅಲ್ಲಿ ಗೆರೆ ಎಳೆದಿದ್ದೇನೆ. ಐ5-8250ಯು ಎಂಬ ಹೆಸರಿನಲ್ಲಿ ಅಡ್ಡಗೆರೆಯ ನಂತರದ 8 ತಲೆಮಾರನ್ನು ಸೂಚಿಸುತ್ತದೆ. ಅದರ ಹಿಂದಿನ ಐ5-7200ಯು ಪ್ರೊಸೆಸರಿನಲ್ಲಿ ಎರಡು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಇದ್ದರೆ ಇದರಲ್ಲಿ ನಾಲ್ಕಿವೆ. ಒಂದೇ ತಲೆಮಾರಿನಲ್ಲಿ ಕೋರ್‌ಗಳು ಎರಡು ಪಟ್ಟಾದವು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು, ಮತ್ತು ವಿಂಡೋಸ್ 11 ಇಂಟೆಲ್ ಪ್ರೊಸೆಸರುಗಳಲ್ಲಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನವನ್ನು ಮಾತ್ರ ಅಧಿಕೃತವಾಗಿ ಒಪ್ಪುತ್ತದೆ. ಆರು ಅಥವಾ ಏಳನೆಯ ತಲೆಮಾರಿನ ಯಂತ್ರಕ್ಕೆ ಹೇಗೋ ವಿಂಡೋಸ್ 11 ಹಾಕಿ ಮಾರುವವರು ಇದ್ದಾರೆ. ಬೆಲೆ ಕಡಿಮೆಯೆಂದು ಮರುಳಾಗಬೇಡಿ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಬಳಸುವವರಿಗೆ ಆ ಹಳೆಯ ಯಂತ್ರಗಳೂ ಸಾಕು, ಕನ್ನಡದ ಕಗಪ ಕೀಲಿಮಣೆ ವಿನ್ಯಾಸವೂ ಅಲ್ಲಿ ದೊರೆಯುತ್ತದೆ. ಆದರೆ ಬಿ.ಕಾಂ. ವಿದ್ಯಾರ್ಥಿನಿಗೆ ಇಂದಲ್ಲ ನಾಳೆ ಟ್ಯಾಲಿ ಬೇಕಾಗುತ್ತದೆ, ಮತ್ತು ಟ್ಯಾಲಿ ವಿಂಡೋಸಿನಲ್ಲಿ ನಡೆಯುವ ಲೆಕ್ಕಪತ್ರ ತಂತ್ರಾಂಶ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಕ್ರೋಮ್‌ಬುಕ್ಕನ್ನು ಬೇಡವೆನ್ನುವುದಕ್ಕೂ ಇದೇ ಕಾರಣ.

ಪರದೆಯ ವಿಷಯದಲ್ಲಿ ಕನ್ನಡ ಓದುವವರು ಒಂದನ್ನು ಗಮನಿಸಬೇಕು. ಒಂದೇ ಮಾದರಿ 1366×768 ಮತ್ತು 1920×1080 ಎಂಬ ಎರಡು ಬಗೆಯ ಪರದೆಗಳೊಂದಿಗೆ ಬಂದಿರುವುದುಂಟು. ಮೊದಲನೆಯದರಲ್ಲಿ ಇಂಗ್ಲಿಷ್ ಅಕ್ಷರ ಹೇಗೋ ಓದಿಸಿಕೊಳ್ಳುತ್ತದೆ. ಆದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುವುದರಿಂದ, ಚುಕ್ಕಿಗಳು ಕಡಿಮೆ ಇರುವ ಪರದೆಯಲ್ಲಿ ‘ತ್ತ’ ಯಾವುದು, ‘ತ್ರ’ ಯಾವುದು ಎಂದು ಕಣ್ಣು ಕಿರಿದಾಗಿಸಿ ನೋಡಬೇಕಾಗುತ್ತದೆ. ಒಂದೆರಡು ಸಾವಿರ ಹೆಚ್ಚಾದರೂ ಎರಡನೆಯದನ್ನೇ, ಅದರಲ್ಲೂ ಓರೆಯಿಂದ ನೋಡಿದರೂ ಬಣ್ಣ ಮಂಕಾಗದ ಐಪಿಎಸ್ ಪರದೆಯನ್ನೇ ಕೇಳಿ ಪಡೆಯಿರಿ.

ಇನ್ನು ಅಂಗಡಿಯಲ್ಲಿ ನೋಡಬೇಕಾದದ್ದು. ಕಂಪನಿಯಿಂದ ಬಂದ ಯಂತ್ರಗಳಲ್ಲಿ ಎರಡು ಬೀಗಗಳು ಉಳಿದಿರುವ ಸಾಧ್ಯತೆಯಿದೆ. ಒಂದು ಬಯೋಸ್, ಅಂದರೆ ವಿಂಡೋಸಿಗೂ ಮೊದಲು ಚಾಲೂ ಆಗುವ ಮೂಲ ತಂತ್ರಾಂಶದ ಪಾಸ್‌ವರ್ಡ್: ಯಂತ್ರವನ್ನು ಆನ್ ಮಾಡಿದೊಡನೆ ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡಿನಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10 ಒತ್ತಿದರೆ ಸೆಟ್ಟಿಂಗ್‌ಗಳ ಪುಟ ತೆರೆಯುತ್ತದೆ, ಅಲ್ಲಿ ಪಾಸ್‌ವರ್ಡ್ ಕೇಳಿದರೆ ಅದನ್ನು ಅಂಗಡಿಯವರೇ ತೆಗೆಸಿಕೊಡಬೇಕು. ಇನ್ನೊಂದು ಹಳೆಯ ಕಂಪನಿಯ ನೋಂದಣಿ. ವಿಂಡೋಸನ್ನು ಹೊಸದಾಗಿ ಸಜ್ಜುಗೊಳಿಸಿ, ಅಂತರಜಾಲಕ್ಕೆ ಜೋಡಿಸಿದಾಗ ಯಾವುದೋ ಸಂಸ್ಥೆಯ ಹೆಸರು ಬಂದು ಅದರ ಖಾತೆಯನ್ನು ಕೇಳಿದರೆ, ಆ ಯಂತ್ರ ಇನ್ನೂ ಆ ಸಂಸ್ಥೆಯ ಪಟ್ಟಿಯಿಂದ ಹೊರಬಂದಿಲ್ಲವೆಂದೇ ಅರ್ಥ. ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೊಳ್ಳಬೇಡಿ.

ಬ್ಯಾಟರಿಯ ಸ್ಥಿತಿ ತಿಳಿಯಲು ಅಂಗಡಿಯವರಿಂದ ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿ. ಐದು ನಿಮಿಷವೂ ಬೇಡ. ತಯಾರಾದಾಗ ಇದ್ದ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗ ಹಿಡಿಯುವ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ. ಈಗಿನದು ಮೊದಲಿನದರ ಮುಕ್ಕಾಲು ಪಾಲಿಗಿಂತ ಕಡಿಮೆಯಿದ್ದರೆ ಬೆಲೆ ಇಳಿಸಲು ಕೇಳಿ, ಇಲ್ಲವೇ ಹೊಸ ಬ್ಯಾಟರಿ ಹಾಕಿಸಿಕೊಳ್ಳಿ. ಟಚ್‌ಪ್ಯಾಡ್ ಮೇಲಕ್ಕೆದ್ದಿದ್ದರೆ ಅಥವಾ ಮೇಜಿನ ಮೇಲಿಟ್ಟಾಗ ಯಂತ್ರ ಕುಲುಕಾಡಿದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಉಬ್ಬಿದ ಬ್ಯಾಟರಿ ಅಪಾಯಕಾರಿಯಾದ್ದರಿಂದ ಅದನ್ನು ಬದಲಾಯಿಸದ ಹೊರತು ಯಂತ್ರವನ್ನು ಮನೆಗೆ ತರಬಾರದು. ಪರದೆಯನ್ನು ಒಂದು ಮೂಲೆ ಹಿಡಿದು ಎತ್ತಿ ಕೀಲು ಕಿರುಗುಟ್ಟುತ್ತದೆಯೇ ನೋಡಿ, ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ, ಪೆನ್‌ಡ್ರೈವ್ ಹಾಕಿ ಎಲ್ಲ ಪೋರ್ಟ್‌ಗಳನ್ನೂ ಪರೀಕ್ಷಿಸಿ, ಚಾರ್ಜರ್ ತುದಿ ಸಡಿಲವಾಗಿ ಅಲ್ಲಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಜಿಎಸ್‌ಟಿ ಬಿಲ್ಲಿನ ಮೇಲೆ ಯಂತ್ರದ ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಬರೆಸಿಕೊಳ್ಳದೆ ಹಣ ಕೊಡಬೇಡಿ.

ಹೊಸದೇ ಆಗಬೇಕೆಂದು ಮನೆಯವರು ಪಟ್ಟುಹಿಡಿದರೆ, ಇಂಟೆಲ್ ಎನ್100 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು 256 ಜಿಬಿಯ ನಿಜವಾದ ಎಸ್‌ಎಸ್‌ಡಿ, ಈ ಮೂರೂ ಇರುವುದನ್ನು ಹುಡುಕಿ. ಮೂರರಲ್ಲಿ ಒಂದು ಇಲ್ಲವಾದರೂ ಬಿಟ್ಟುಬಿಡಿ.

25 ಸಾವಿರವನ್ನೂ ಯಂತ್ರಕ್ಕೇ ಸುರಿಯದೆ ಮೂರು ಸಾವಿರದಷ್ಟನ್ನು ತೆಗೆದಿಡಿ. ಮುಂದೆಂದಾದರೂ ಬ್ಯಾಟರಿ ಬದಲಿಸಬೇಕಾದಾಗ, ಅಥವಾ ರ‍್ಯಾಮ್ ಹೆಚ್ಚಿಸಬೇಕಾದಾಗ ಅದು ಒದಗುತ್ತದೆ. ಯಂತ್ರ ಮನೆಗೆ ಬಂದ ದಿನವೇ, ತಯಾರಕರ ತಂತ್ರಾಂಶದಲ್ಲಿ ಅಥವಾ ಬಯೋಸಿನಲ್ಲಿ ಅವಕಾಶವಿದ್ದರೆ, ಚಾರ್ಜಿಂಗ್ ಶೇ. 80ಕ್ಕೆ ನಿಲ್ಲುವಂತೆ ಸೆಟ್ಟಿಂಗ್ ಬದಲಾಯಿಸಲು ಮಗಳಿಗೆ ಹೇಳಿ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಪೂರ್ತಿ ತುಂಬಿಸಿಕೊಂಡು ಹೋಗಲಿ.